ಸಣ್ಣ ವಿಮಾನದಲ್ಲಿ ಟ್ಯಾಬ್ ನೋಡಿಕೊಂಡು ದಾರಿ ಹಿಡಿಯುವುದು: ಮಂಡಕಳ್ಳಿಯಿಂದ ಮಂಡ್ಯಕ್ಕೆ ಒಂದು ಸುತ್ತು, ಹಂತ ಹಂತವಾಗಿ

"ಸಾರ್, ಶ್ರೀರಂಗಪಟ್ಟಣ ಕಣ್ಣಿಗೆ ಬಿತ್ತು ಅನ್ನುವಷ್ಟರಲ್ಲಿ ಟ್ಯಾಬ್ ಕಪ್ಪಾಗಿಹೋಯ್ತು." ಏಪ್ರಿಲ್‌ನಲ್ಲಿ ಒಬ್ಬ ಹುಡುಗ ಹೀಗೆ ಮೆಸೇಜ್ ಹಾಕಿದ. ಆಮೇಲೆ ಇನ್ನೊಬ್ಬಳು: "ನಕ್ಷೆ ಬಂತು, ಆದರೆ ಅದರ ಮೇಲೆ ನನ್ನ ವಿಮಾನವೇ ಇಲ್ಲ." ಮತ್ತೊಬ್ಬರ ಟ್ಯಾಬ್‌ನಲ್ಲಿ ಮೈಸೂರಿನ ಮಂಡಕಳ್ಳಿ ವಿಮಾನ ನಿಲ್ದಾಣ ಎಚ್.ಡಿ. ಕೋಟೆ ಹತ್ತಿರ ಕೂತಿತ್ತಂತೆ. ದೂರು ಬೇರೆ ಬೇರೆ, ತಪ್ಪು ಒಂದೇ. ನೆಲದ ಮೇಲೆ ಮುಗಿಸಬೇಕಾದ ಕೆಲಸವನ್ನು ಇವರೆಲ್ಲ ಗಾಳಿಯಲ್ಲಿ ಮಾಡಲು ಹೋಗಿದ್ದರು.

ಹಾಗಾಗಿ ಇದನ್ನು ಕೆಲಸ ಮಾಡುವ ಕ್ರಮದಲ್ಲೇ ಬರೆದಿದ್ದೇನೆ. ಉದಾಹರಣೆಗೆ ಒಂದು ಸೆಸ್ನಾ 172 ಇಟ್ಟುಕೊಳ್ಳೋಣ. ಹಗಲು, ಒಳ್ಳೆಯ ಹವೆ, ಕಣ್ಣಿನಿಂದ ನೆಲ ನೋಡಿಕೊಂಡು ಹಾರುವುದು. ಮಂಡಕಳ್ಳಿಯಿಂದ ಎದ್ದು ಶ್ರೀರಂಗಪಟ್ಟಣ, ಮಂಡ್ಯ ಸುತ್ತಿ ವಾಪಸ್. ಹಂತಗಳನ್ನು ಹಿಂದೆ ಮುಂದೆ ಮಾಡಬೇಡಿ. ಐದನೆಯದನ್ನು ಬಿಟ್ಟು ಆರಕ್ಕೆ ಹಾರಿದವರೇ ನನಗೆ ಜಾಸ್ತಿ ಮೆಸೇಜ್ ಹಾಕುವುದು.

ಶುರುವಿಗೆ ಮುಂಚೆ ಒಂದು ಮಾತು. ನೀವಿನ್ನೂ ಕಲಿಯುತ್ತಿದ್ದರೆ ಟ್ಯಾಬ್ ಒಯ್ಯಬಹುದೋ ಇಲ್ಲವೋ ಅನ್ನುವುದು ನಿಮ್ಮ ಸಿಎಫ್‌ಐ (ಹಾರಾಟ ಕಲಿಸುವ ಮುಖ್ಯ ಶಿಕ್ಷಕರು) ಹೇಳಬೇಕಾದ ಮಾತು. ಕೇಳದೆ ಬ್ಯಾಗಿನಲ್ಲಿ ಬಚ್ಚಿಟ್ಟುಕೊಂಡು ಹೋಗಬೇಡಿ. ಕಂಪನಿ ವಿಮಾನ ಹಾರಿಸುವವರಿಗೆ ವಿಮಾನಯಾನ ನಿಯಂತ್ರಿಸುವ ಡಿಜಿಸಿಎ ಒಪ್ಪಿಗೆಯ ಬೇರೆಯದೇ ದಾರಿ ಇದೆ, ಅದು ಇಲ್ಲಿ ಬರುವುದಿಲ್ಲ.

## ಹಂತ 1: ಟ್ಯಾಬ್‌ನ ಒಳಗೆ ಜಿಪಿಎಸ್ ಇದೆಯಾ ನೋಡಿ

"ನನ್ನ ವಿಮಾನವೇ ಇಲ್ಲ" ಅಂದವಳ ಕತೆ ಇಲ್ಲೇ ಮುಗಿಯುತ್ತದೆ. ಅವಳ ಹತ್ತಿರ ಇದ್ದದ್ದು ಬರೀ ವೈ-ಫೈ ಇರುವ ಐಪ್ಯಾಡ್. ಅದರಲ್ಲಿ ಜಿಪಿಎಸ್ ಚಿಪ್ಪೇ ಇರುವುದಿಲ್ಲ. ಮನೆಯಲ್ಲಿ ಸುತ್ತಮುತ್ತಲ ವೈ-ಫೈ ನೋಡಿ ಜಾಗ ಅಂದಾಜು ಮಾಡುತ್ತದೆ, ಸರಿಯಾಗಿಯೇ ತೋರಿಸುತ್ತದೆ, ಅದಕ್ಕೇ ಮೋಸ ಹೋಗುವುದು. ಸಾವಿರ ಅಡಿ ಮೇಲೆ ಯಾರ ಮನೆಯ ವೈ-ಫೈ ಸಿಗಬೇಕು?

ಐಪ್ಯಾಡ್ ಆದರೆ ಸಿಮ್ ಹಾಕುವ ಸೆಲ್ಯುಲಾರ್ ಮಾದರಿಯನ್ನೇ ತಗೊಳ್ಳಿ. ಸಿಮ್ ಹಾಕದಿದ್ದರೂ ಜಿಪಿಎಸ್ ನಡೆಯುತ್ತದೆ. ಆಂಡ್ರಾಯ್ಡ್‌ನಲ್ಲಿ ಮಾದರಿಯಿಂದ ಮಾದರಿಗೆ ಬದಲಾಗುತ್ತದೆ, ಅಂಗಡಿಯವರ ಬಾಯಿಮಾತು ಬೇಡ, ಡಬ್ಬಿಯ ಮೇಲಿನ ವಿವರ ಓದಿ. ಈಗಾಗಲೇ ವೈ-ಫೈ ಮಾದರಿ ತಗೊಂಡಾಗಿದ್ದರೆ ಬ್ಲೂಟೂತ್‌ನಲ್ಲಿ ಜೋಡಿಸುವ ಹೊರಗಿನ ಜಿಪಿಎಸ್ ರಿಸೀವರ್ ಸಿಗುತ್ತದೆ. ಅದನ್ನು ಡ್ಯಾಶ್‌ಬೋರ್ಡಿನ ಮೇಲೆ ಆಕಾಶ ಕಾಣುವ ಕಡೆ ಇಟ್ಟರೆ ಟ್ಯಾಬ್‌ನ ಒಳಗಿನದಕ್ಕಿಂತ ಚೆನ್ನಾಗಿ ಹಿಡಿಯುವುದೂ ಉಂಟು. ಆದರೆ ಚಾರ್ಜ್ ಮಾಡಬೇಕಾದ ಸಾಮಾನು ಇನ್ನೊಂದು ಹೆಚ್ಚಾಯಿತು, ನೆನಪಿರಲಿ.

ಅಳತೆಯಲ್ಲಿ ಆಸೆಗೆ ಬೀಳಬೇಡಿ. ಎಂಟು ಇಂಚಿನ ಟ್ಯಾಬ್ ತೊಡೆಯ ಮೇಲೆ ಕೂರುತ್ತದೆ. ಹನ್ನೊಂದು ಇಂಚಿನದನ್ನು ಯೋಕ್‌ಗೆ (ವಿಮಾನ ತಿರುಗಿಸುವ ಹಿಡಿಕೆಗೆ) ಕಟ್ಟಿದರೆ ಎದುರಿನ ಮೀಟರುಗಳಲ್ಲಿ ಅರ್ಧದಷ್ಟು ಅದರ ಹಿಂದೆ ಅಡಗಿಹೋಗುತ್ತವೆ.

## ಹಂತ 2: ಆ್ಯಪ್, ನಕ್ಷೆ, ಅದರ ವಯಸ್ಸು

ಫೋರ್‌ಫ್ಲೈಟ್, ಸ್ಕೈಡೆಮನ್, ಗಾರ್ಮಿನ್ ಪೈಲಟ್ ಹೆಸರನ್ನು ಎಲ್ಲರೂ ಕೇಳಿದ್ದೀರಿ. ಇವು ಬೆಳೆದದ್ದು ಅಮೆರಿಕ, ಯುರೋಪಿನ ಪೈಲಟ್‌ಗಳ ಕೈಯಲ್ಲಿ. ದುಡ್ಡು ಕಟ್ಟುವ ಮುಂಚೆ ಒಂದೇ ಪರೀಕ್ಷೆ ಮಾಡಿ: ಉಚಿತ ಅವಧಿಯಲ್ಲಿ ಹುಡುಕುವ ಕಡೆ ಮಂಡಕಳ್ಳಿಯ ಸಂಕೇತ ವಿಒಎಂವೈ (VOMY) ಹಾಕಿ. ರನ್‌ವೇ ಬರುತ್ತದಾ, ಸುತ್ತಲಿನ ವಾಯುಪ್ರದೇಶದ ಗೆರೆಗಳು ಬರುತ್ತವಾ, ಚಾಮುಂಡಿ ಬೆಟ್ಟದ ಎತ್ತರ ಬರುತ್ತದಾ? ಮೂರರಲ್ಲಿ ಒಂದು ಬರದಿದ್ದರೂ ಆ ಚಂದಾ ನಿಮಗಲ್ಲ.

ಪುಕ್ಕಟೆ ಆ್ಯಪ್‌ಗಳೂ ಇವೆ. ಅವುಗಳಲ್ಲಿ ಕೆಲವು ಓಪನ್‌ಎಐಪಿ ತರಹ ಜನರೇ ಸೇರಿ ತುಂಬಿಸಿದ ಮಾಹಿತಿ ಬಳಸುತ್ತವೆ. ದಾರಿ ನೋಡಲು ಚೆನ್ನ, ಆದರೆ ಅದನ್ನೇ ಸಾಕ್ಷಿ ಅಂತ ನಂಬಬಾರದು. ನಮ್ಮ ದೇಶದ ಮಟ್ಟಿಗೆ ಅಧಿಕೃತ ಮಾಹಿತಿ ಅಂದರೆ ಏರ್‌ಪೋರ್ಟ್ಸ್ ಅಥಾರಿಟಿ ಆಫ್ ಇಂಡಿಯಾದ ಎಐಪಿ, ಅಂದರೆ ವಿಮಾನಯಾನದ ಮಾಹಿತಿ ಪುಸ್ತಕ. ಅದು ಅಂತರ್ಜಾಲದಲ್ಲೇ ಸಿಗುತ್ತದೆ. ಹಾರಬಾರದ, ನಿರ್ಬಂಧ ಇರುವ, ಅಪಾಯದ ಪ್ರದೇಶಗಳ ಪಟ್ಟಿ ಅದರ ಇಎನ್‌ಆರ್ 5.1 ಭಾಗದಲ್ಲಿದೆ. ಆ್ಯಪ್ ಒಂದು ಹೇಳಿ ಎಐಪಿ ಇನ್ನೊಂದು ಹೇಳಿದರೆ ಎಐಪಿ ಹೇಳಿದ್ದೇ ಸರಿ.

ವಿಮಾನಯಾನದ ಮಾಹಿತಿ ಜಗತ್ತಿನಾದ್ಯಂತ 28 ದಿನಕ್ಕೊಮ್ಮೆ ಬದಲಾಗುವ ಚಕ್ರದಲ್ಲಿ ನಡೆಯುತ್ತದೆ. ಹಾರುವ ದಿನ ಆ್ಯಪ್‌ನ ಮಾಹಿತಿ ಆ ಚಕ್ರದ ಒಳಗಿದೆಯಾ ನೋಡಿ. ನೋಟಮ್ (ಪೈಲಟ್‌ಗಳಿಗೆ ಹೊರಡಿಸುವ ಹೊಸ ಸೂಚನೆ) ಅನ್ನು ಅದೇ ದಿನ ಬೆಳಿಗ್ಗೆ ಓದಿ, ಬೇಕಾದ್ದನ್ನು ಪೆನ್ಸಿಲ್‌ನಲ್ಲಿ ಬರೆದುಕೊಳ್ಳಿ.

ನಕ್ಷೆ ಪೂರ್ತಿ ಡೌನ್‌ಲೋಡ್ ಆಗಿರಬೇಕು. ಮನೆಯಲ್ಲಿ ನಕ್ಷೆ ಕಂಡಿತು ಅಂದರೆ ಡೌನ್‌ಲೋಡ್ ಆಗಿದೆ ಅಂತ ಅರ್ಥ ಅಲ್ಲ. ಫ್ಲೈಟ್ ಮೋಡ್ ಹಾಕಿ, ಆ್ಯಪ್ ಮುಚ್ಚಿ ತೆಗೆದು, ಮಂಡ್ಯದ ಮೇಲೆ ಬೆರಳಿಟ್ಟು ಹಿಗ್ಗಿಸಿ ನೋಡಿ. ಬೂದು ಚೌಕಗಳು ಬಂದರೆ ಬರೀ ಮೇಲುಮೇಲಿನ ನಕ್ಷೆ ಇದೆ ಅಂತ.

## ಹಂತ 3: ಸೆಟ್ಟಿಂಗ್ಸ್, ಒಂದೇ ಸಲ ಕೂತು

ವೇಗ ನಾಟ್‌ನಲ್ಲಿ (ಗಂಟೆಗೆ ಎಷ್ಟು ನಾಟಿಕಲ್ ಮೈಲಿ ಅಂತ), ದೂರ ನಾಟಿಕಲ್ ಮೈಲಿಯಲ್ಲಿ (ಇಲ್ಲಿ ಮೈಲಿ ಅಂದಲ್ಲೆಲ್ಲ ಇದೇ), ಎತ್ತರ ಅಡಿಯಲ್ಲಿ. ಕಿಲೋಮೀಟರ್‌ನಲ್ಲೇ ಬಿಟ್ಟರೆ ರೇಡಿಯೋದಲ್ಲಿ "20 ಮೈಲಿ" ಅಂದುಬಿಡುತ್ತೀರಿ, ನಿಜಕ್ಕೂ ಇರುವುದು 11ರಲ್ಲಿ.

ಟ್ಯಾಬ್ ತಾನಾಗೇ ಲಾಕ್ ಆಗುವುದನ್ನು ನಿಲ್ಲಿಸಿ. ನೋಟಿಫಿಕೇಶನ್ ಎಲ್ಲ ಬಂದ್. ಹಾರುವ ಹಿಂದಿನ ರಾತ್ರಿ ಸಾಫ್ಟ್‌ವೇರ್ ಅಪ್‌ಡೇಟ್ ಮಾಡಲೇಬೇಡಿ. ಬೆಳಿಗ್ಗೆ ಎದ್ದು ನೋಡಿದರೆ ಆ್ಯಪ್ ಪಾಸ್‌ವರ್ಡ್ ಕೇಳುತ್ತಾ ಕೂತಿರುತ್ತದೆ.

ನಕ್ಷೆಯನ್ನು ಉತ್ತರ ಮೇಲೆ ಇರುವಂತೆ ಇಡಬೇಕಾ, ವಿಮಾನದ ಮೂತಿ ಮೇಲೆ ಇರುವಂತೆ ಇಡಬೇಕಾ? ಎರಡಕ್ಕೂ ವಾದ ಮಾಡುವವರಿದ್ದಾರೆ. ಹೊಸಬರಿಗೆ ನಾನು ಹೇಳುವುದು ಉತ್ತರ ಮೇಲೆ. ಕಾಗದದ ನಕ್ಷೆಯೂ ಹಾಗೇ ಇರುತ್ತದೆ, ಎರಡನ್ನೂ ಹೋಲಿಸುವಾಗ ತಲೆ ತಿರುಗುವುದಿಲ್ಲ.

## ಹಂತ 4: ದಾರಿ ಹಾಕುವುದು, ಮೊದಲು ಪೆನ್ಸಿಲ್‌ನಲ್ಲಿ

ಇಲ್ಲಿ ಸ್ವಲ್ಪ ನಿಧಾನಿಸೋಣ. ಟ್ಯಾಬ್‌ನ ದೊಡ್ಡ ಆಮಿಷ ಇರುವುದೇ ಇಲ್ಲಿ. ಮಂಡಕಳ್ಳಿ ಮೇಲೆ ಒಂದು ಬೆರಳು, ಶ್ರೀರಂಗಪಟ್ಟಣದ ಮೇಲೆ ಒಂದು ಬೆರಳು, ನೇರಳೆ ಗೆರೆ ಸಿದ್ಧ. ಸುಮಾರು 11 ಮೈಲಿ. ಎಷ್ಟು ಸುಲಭ ಅಲ್ವಾ?

ಈಗ ಆ ಗೆರೆಯನ್ನು ಹಿಗ್ಗಿಸಿ ನೋಡಿ. ಅದು ಚಾಮುಂಡಿ ಬೆಟ್ಟದ ಮಗ್ಗುಲಲ್ಲೇ, ತುದಿಗೆ ಅರ್ಧ ಮೈಲಿಯ ಆಸುಪಾಸಿನಲ್ಲಿ ಹೋಗುತ್ತದೆ. ವಿಮಾನ ನಿಲ್ದಾಣ ಇರುವುದು ಸಮುದ್ರಮಟ್ಟದಿಂದ 2,300 ಅಡಿಗಿಂತ ತುಸು ಮೇಲೆ. ಬೆಟ್ಟದ ತುದಿ 3,400 ದಾಟುತ್ತದೆ. ಎರಡರ ನಡುವೆ ಸುಮಾರು ಎರಡೂವರೆ ಮೈಲಿ ಅಷ್ಟೇ. 75 ನಾಟ್‌ನಲ್ಲಿ ಏರುತ್ತಾ ಹೋದರೆ ಅದು ಎರಡು ನಿಮಿಷದ ದಾರಿ. ಬಿಸಿಲಲ್ಲಿ, ಇಬ್ಬರು ಕೂತ ವಿಮಾನ ನಿಮಿಷಕ್ಕೆ 500 ಅಡಿ ಏರಿತು ಅಂದುಕೊಳ್ಳಿ. ಬೆಟ್ಟದ ಹತ್ತಿರ ಬಂದಾಗ ನೀವು ದೇವಸ್ಥಾನದ ಗೋಪುರಕ್ಕೆ ಸಮನಾಗಿ ಹಾರುತ್ತಿರುತ್ತೀರಿ, ಅಥವಾ ಅದಕ್ಕಿಂತ ಕೆಳಗೆ. ನೇರಳೆ ಗೆರೆಗೆ ಬೆಟ್ಟ ಗೊತ್ತಿಲ್ಲ. ಎರಡು ಚುಕ್ಕೆ ಸೇರಿಸುವುದಷ್ಟೇ ಅದರ ಕೆಲಸ.

ಮಂಡ್ಯದಿಂದ ನೇರ ವಾಪಸ್ ಬರುವ ಗೆರೆಯೂ ಬೆಟ್ಟಕ್ಕೆ ಒಂದು ಮೈಲಿ ಹತ್ತಿರವೇ ಹಾಯುತ್ತದೆ. ಆಗ ನೀವು ಇಳಿಯುತ್ತಾ ಬರುತ್ತಿರುತ್ತೀರಿ, ಅದು ಇನ್ನೂ ಕೆಟ್ಟದ್ದು.

ಅದಕ್ಕೆ ಕ್ರಮ ಹೀಗಿರಲಿ.

ಒಂದು. ಕಾಗದದ ನಕ್ಷೆಯ ಮೇಲೆ ಮೊದಲು ಗೆರೆ. ಬೆಟ್ಟವನ್ನು ಎಡಕ್ಕೆ ಬಿಟ್ಟು ಪೂರ್ವಕ್ಕೆ ಹೋಗಲು ವರುಣ ಕೆರೆಯನ್ನು ನಡುವೆ ಒಂದು ವೇಪಾಯಿಂಟ್ (ದಾರಿಯಲ್ಲಿ ಹಾಯಬೇಕಾದ ಗುರುತು) ಮಾಡಿಕೊಳ್ಳಬಹುದು. ಮಂಡಕಳ್ಳಿ, ವರುಣ, ಶ್ರೀರಂಗಪಟ್ಟಣ, ಮಂಡ್ಯ, ಮತ್ತೆ ವರುಣ, ಮಂಡಕಳ್ಳಿ. ಸುಮಾರು 6, 9, 13, 17, 6. ಒಟ್ಟು 50 ಮೈಲಿ ಚಿಲ್ಲರೆ, ಗಾಳಿ ಇಲ್ಲದಿದ್ದರೆ 100 ನಾಟ್‌ಗೆ ಅರ್ಧ ಗಂಟೆ. ಇದು ಅಂದಾಜು. ನನ್ನ ಅಂಕಿ ನಕಲು ಮಾಡಬೇಡಿ, ಸ್ಕೇಲ್ ಇಟ್ಟು ನೀವೇ ಅಳೆಯಿರಿ. ಕನ್ನಂಬಾಡಿ ಕಟ್ಟೆ ದೂರದಿಂದ ಒಳ್ಳೆಯ ಹೆಗ್ಗುರುತು, ಆದರೆ ಅದರ ಮೇಲೆ ಹಾಯುವ ಚಪಲ ಬೇಡ. ಆ ಕಡೆಯ ಯಾವ ಗೆರೆ ಎಳೆದರೂ ಇಎನ್‌ಆರ್ 5.1 ನೋಡಿಯೇ ಎಳೆಯಿರಿ.

ಎರಡು. ದಾರಿಯ ಪ್ರತಿ ತುಂಡಿಗೂ ಎರಡೂ ಕಡೆ ಐದೈದು ಮೈಲಿಯಲ್ಲಿ ಅತಿ ಎತ್ತರದ್ದು ಯಾವುದು ನೋಡಿ, ಅದಕ್ಕೆ 1,000 ಅಡಿ ಸೇರಿಸಿ. ಚಾಮುಂಡಿ ಬೆಟ್ಟ ಲೆಕ್ಕಕ್ಕೆ ಬಂದ ತುಂಡಿಗೆ ಅದು 4,500ರ ಹತ್ತಿರ ಬರುತ್ತದೆ. ಈ ಸಂಖ್ಯೆಯನ್ನು ಕಾಗದದ ಮೇಲೆ ಗೆರೆಯ ಪಕ್ಕದಲ್ಲೇ ದಪ್ಪಗೆ ಬರೆಯಿರಿ.

ಮೂರು. ಪ್ರತಿ ತುಂಡಿಗೂ ದಿಕ್ಕು, ದೂರ, ನಿಮಿಷ ಕಾಗದದಲ್ಲಿ ಲೆಕ್ಕ ಹಾಕಿ. ನಮ್ಮ ಕಡೆ ಕಾಂತೀಯ ವ್ಯತ್ಯಾಸ (ನಕ್ಷೆಯ ಉತ್ತರಕ್ಕೂ ದಿಕ್ಸೂಚಿಯ ಉತ್ತರಕ್ಕೂ ಇರುವ ಅಂತರ) ಎರಡು ಡಿಗ್ರಿಯ ಒಳಗೇ ಇದೆ, ಪಶ್ಚಿಮಕ್ಕೆ. ಕಡಿಮೆ ಅಂತ ಸೇರಿಸುವುದನ್ನು ಬಿಡಬೇಡಿ. ಬಿಟ್ಟರೆ ನಾಳೆ ಬೇರೆ ದೇಶದಲ್ಲಿ ಹಾರುವಾಗಲೂ ಬಿಡುತ್ತೀರಿ.

ನಾಲ್ಕು. ಈಗ ಟ್ಯಾಬ್‌ಗೆ ಹಾಕಿ. ಟ್ಯಾಬ್ ಕೊಟ್ಟ ದಿಕ್ಕು, ದೂರ ನಿಮ್ಮ ಪೆನ್ಸಿಲ್ ಅಂಕಿಗೆ ಹೊಂದಬೇಕು. ಎರಡು ಡಿಗ್ರಿ, ಒಂದು ಮೈಲಿಗಿಂತ ಜಾಸ್ತಿ ವ್ಯತ್ಯಾಸ ಬಂದರೆ ಯಾವುದೋ ಒಂದು ತಪ್ಪು. ಹೆಚ್ಚಿನ ಸಲ ಪೆನ್ಸಿಲ್‌ದೇ ತಪ್ಪು, ಒಪ್ಪುತ್ತೇನೆ. ಆದರೆ ಕಂಡುಹಿಡಿಯದೆ ಎದ್ದೇಳಬೇಡಿ.

ಎಚ್.ಡಿ. ಕೋಟೆಗೆ ಹೋದ ಮಂಡಕಳ್ಳಿಯ ಕತೆಯೂ ಇಲ್ಲಿಯದೇ. ಅಕ್ಷಾಂಶ 12 ಡಿಗ್ರಿ 13 ನಿಮಿಷ 48 ಸೆಕೆಂಡ್ ಅಂತ ಪುಸ್ತಕದಲ್ಲಿ ಇತ್ತು. ಅವರು ಅದನ್ನು 12.1348 ಅಂತ ಒತ್ತಿದರು. ನಿಮಿಷವನ್ನು 60ರಿಂದ, ಸೆಕೆಂಡನ್ನು 3600ರಿಂದ ಭಾಗಿಸಿ ದಶಮಾಂಶ ಮಾಡಿದ್ದರೆ 12.23 ಆಗುತ್ತಿತ್ತು. ರೇಖಾಂಶವನ್ನೂ ಹಾಗೇ, 76 ಡಿಗ್ರಿ 39 ನಿಮಿಷ 21 ಸೆಕೆಂಡನ್ನು 76.3921 ಅಂತ ಹಾಕಿದರು. ಸರಿಯಾದದ್ದು 76.6558. ಎರಡೂ ತಪ್ಪು ಸೇರಿ ನಿಲ್ದಾಣ ಪಶ್ಚಿಮ-ನೈಋತ್ಯಕ್ಕೆ ಸುಮಾರು 16 ಮೈಲಿ ಸರಿಯಿತು. ಆ್ಯಪ್ ಗೊಣಗುವುದಿಲ್ಲ, ಅದಕ್ಕೆ ಎರಡೂ ಒಳ್ಳೆಯ ಸಂಖ್ಯೆಗಳೇ. ಅಂಕಿ ಹಾಕುವ ಮುಂಚೆ ಆ್ಯಪ್ ಯಾವ ನಮೂನೆ ಕೇಳುತ್ತಿದೆ ಅಂತ ನೋಡಿ.

ಎಡಿಸಿ (ವಾಯು ರಕ್ಷಣಾ ಅನುಮತಿ), ಎಫ್‌ಐಸಿ (ಹಾರಾಟ ಮಾಹಿತಿ ಕೇಂದ್ರ) ನಂಬರ್ ಸಿಕ್ಕ ಮೇಲೆ ಅವನ್ನು ಕಾಗದದಲ್ಲಿ ಬರೆಯಿರಿ. ಟ್ಯಾಬ್‌ನ ನೋಟ್ಸ್‌ನಲ್ಲಿ ಬರೆದಿಟ್ಟು, ಎಟಿಸಿ (ವಾಯು ಸಂಚಾರ ನಿಯಂತ್ರಕರು) ಕೇಳಿದಾಗ ಎರಡು ಆ್ಯಪ್ ಹಿಂದೆ ಮುಂದೆ ಮಾಡುತ್ತಾ ತಡಕಾಡಿದವರನ್ನು ನೋಡಿದ್ದೇನೆ.

## ಹಂತ 5: ಕಾರಿನಲ್ಲಿ ಒಂದು ರಿಹರ್ಸಲ್

ಇದನ್ನು ಎಲ್ಲರೂ ಬಿಡುತ್ತಾರೆ. ಮೈಸೂರಿನಿಂದ ಶ್ರೀರಂಗಪಟ್ಟಣಕ್ಕೆ ಒಂದು ಭಾನುವಾರ ಹೊರಡಿ. ಕಾರು ಓಡಿಸುವುದು ಬೇರೆಯವರು, ನೀವು ಪಕ್ಕದಲ್ಲಿ ಟ್ಯಾಬ್ ಹಿಡಿದು ಕೂರಿ. ಮೊಬೈಲ್ ಡೇಟಾ ಬಂದ್, ಫ್ಲೈಟ್ ಮೋಡ್ ಆನ್.

ಮೂರು ವಿಷಯ ನೋಡಿ. ಗುರುತು ನಿಮ್ಮ ಜೊತೆ ಸರಿಯುತ್ತದಾ? ಒಂದು ಗಂಟೆಗೆ ಬ್ಯಾಟರಿ ಎಷ್ಟು ಇಳಿಯಿತು, ಪರದೆ ಪೂರ್ತಿ ಬೆಳಕಿನಲ್ಲಿ? ನಡುವೆ ವೇಪಾಯಿಂಟ್ ಬದಲಿಸಲು ಎಷ್ಟು ಸಲ ಒತ್ತಬೇಕಾಯಿತು? ನಾಲ್ಕಕ್ಕಿಂತ ಜಾಸ್ತಿ ಆದರೆ ಆ ಕೆಲಸವನ್ನು ಗಾಳಿಯಲ್ಲಿ ಮಾಡುವ ಯೋಚನೆ ಬಿಡಿ.

ವಾಪಸ್ ಬರುವಾಗ ಸುಮ್ನೆ ಕಾಫಿಗೆ ನಿಲ್ಲಿಸಿ, ಟ್ಯಾಬ್ ಪೂರ್ತಿ ಆಫ್ ಮಾಡಿ ಮತ್ತೆ ಆನ್ ಮಾಡಿ. ಫ್ಲೈಟ್ ಮೋಡ್‌ನಲ್ಲೇ ಜಿಪಿಎಸ್ ಮೊದಲ ಸಲ ಜಾಗ ಹಿಡಿಯಲು ಎಷ್ಟು ಹೊತ್ತು ತಗೊಂಡಿತು, ಗಡಿಯಾರ ನೋಡಿ ಬರೆದುಕೊಳ್ಳಿ. ನೆಟ್‌ವರ್ಕ್ ಸಹಾಯ ಇಲ್ಲದಿದ್ದರೆ ಕೆಲವು ನಿಮಿಷ ಬೇಕಾಗಬಹುದು. ಗಾಳಿಯಲ್ಲಿ ಟ್ಯಾಬ್ ಸತ್ತು ಎದ್ದರೆ ಅಷ್ಟು ಹೊತ್ತು ನೀವು ಕುರುಡು ಅಂತ ಲೆಕ್ಕ.

## ಹಂತ 6: ಕಾಕ್‌ಪಿಟ್‌ನಲ್ಲಿ ಜಾಗ

ತೊಡೆಗೆ ಕಟ್ಟುವ ನೀಬೋರ್ಡ್ ನನಗೆ ಇಷ್ಟ. ತಲೆ ಬಗ್ಗಿಸಬೇಕು ಅನ್ನುವುದು ಅದರ ದೋಷ. ಯೋಕ್‌ಗೆ ಕಟ್ಟಿದರೆ ಕಣ್ಣ ಮುಂದೆ ಇರುತ್ತದೆ, ಆದರೆ ಯೋಕ್ ಪೂರ್ತಿ ಎಳೆದು, ಪೂರ್ತಿ ಎಡಕ್ಕೆ ಬಲಕ್ಕೆ ತಿರುಗಿಸಿ ನೋಡಲೇಬೇಕು. ಟ್ಯಾಬ್‌ನ ಮೂಲೆ ಹೊಟ್ಟೆಗೋ ಮೊಣಕಾಲಿಗೋ ತಗುಲಿದರೆ ಅಲ್ಲಿಗೆ ಆ ಆಲೋಚನೆ ಕೈಬಿಡಿ. ಗಾಜಿಗೆ ಅಂಟುವ ಸಕ್ಷನ್ ಮೌಂಟ್ ಬಿಸಿಲಲ್ಲಿ ಬಿಡುತ್ತದೆ. ಬಿಟ್ಟರೆ ಎಲ್ಲಿಗೆ ಬೀಳುತ್ತದೆ ಅಂತ ಮೊದಲೇ ಯೋಚಿಸಿ. ರಡ್ಡರ್ ಪೆಡಲ್ ಕಡೆಗೆ ಅಂದರೆ ಬೇಡ.

ಇನ್ನು ದಿಕ್ಸೂಚಿ. ಟ್ಯಾಬ್‌ನ ಸ್ಪೀಕರ್‌ನಲ್ಲಿ, ಕವರ್‌ನಲ್ಲಿ ಆಯಸ್ಕಾಂತ ಇರುತ್ತದೆ. ಟ್ಯಾಬನ್ನು ಅದರ ಜಾಗದಲ್ಲಿಟ್ಟು ವಿಮಾನದ ದಿಕ್ಸೂಚಿ ನೋಡಿ, ತೆಗೆದು ಮತ್ತೆ ನೋಡಿ. ಮುಳ್ಳು ಸ್ವಲ್ಪ ಅಲುಗಿದರೂ ಜಾಗ ಬದಲಿಸಿ. ಆಯಸ್ಕಾಂತದ ಕವರನ್ನು ಮನೆಯಲ್ಲೇ ಬಿಡಿ.

ಕೂಲಿಂಗ್ ಗ್ಲಾಸ್ ಪೋಲರೈಸ್ಡ್ ಆಗಿದ್ದರೆ ಟ್ಯಾಬ್ ಒಂದು ಕೋನದಲ್ಲಿ ಪೂರ್ತಿ ಕಪ್ಪಾಗಿ ಕಾಣಬಹುದು. "ಟ್ಯಾಬ್ ಕೆಟ್ಟಿದೆ" ಅಂತ ಬಂದ ಒಬ್ಬರಿಗೆ ಕನ್ನಡಕ ತೆಗೆಯಿರಿ ಅಂದೆ. ಸರಿಹೋಯ್ತು.

## ಹಂತ 7: ಬಿಸಿಲು ಮತ್ತು ಕರೆಂಟು

ಶ್ರೀರಂಗಪಟ್ಟಣದ ಹುಡುಗನ ಟ್ಯಾಬ್‌ಗೆ ಆದದ್ದು ಇದು. ನನಗೂ ಆಗಿದೆ, ಅದಕ್ಕೇ ಅವನನ್ನು ಬೈಯಲಿಲ್ಲ. ಏಪ್ರಿಲ್, ಬೆಳಿಗ್ಗೆ ಹನ್ನೊಂದರ ಹೊತ್ತು. ವಿಮಾನ ನಿಲ್ಲಿಸಿದ ಕಡೆ ಅರ್ಧ ಗಂಟೆ ಕಾದೆವು, ಟ್ಯಾಬ್ ಗಾಜಿನ ಕೆಳಗೆ ಡ್ಯಾಶ್ ಮೇಲೆ ಇತ್ತು, ಪವರ್ ಬ್ಯಾಂಕ್ ಬೇರೆ ಚುಚ್ಚಿದ್ದೆ. ಎದ್ದ ಮೇಲೆ ಪರದೆ ಸ್ವಲ್ಪ ಮಂಕಾಯಿತು. ಬಿಸಿಲಿಗೆ ಹಾಗೆ ಕಾಣುತ್ತಿದೆ ಅಂದುಕೊಂಡು ಬೆಳಕು ಹೆಚ್ಚಿಸಲು ಹೋದೆ. ಹೆಚ್ಚಾಗಲಿಲ್ಲ. ಒಂದೆರಡು ನಿಮಿಷಕ್ಕೆ ಥರ್ಮಾಮೀಟರ್ ಚಿತ್ರ ಬಂತು, ಅಷ್ಟೇ. ಕೈಯಲ್ಲಿ ಮುಟ್ಟಿದರೆ ಆಗತಾನೇ ಕಾವಲಿಯಿಂದ ತೆಗೆದ ದೋಸೆ.

ಐಪ್ಯಾಡ್ ನಡೆಸಲು ಆಪಲ್ ಕಂಪನಿ ಹೇಳುವ ಮಿತಿ 35 ಡಿಗ್ರಿ ಸೆಲ್ಸಿಯಸ್. ಮೈಸೂರಿನ ಬೇಸಿಗೆಯಲ್ಲಿ ನೆರಳಲ್ಲೇ ಅದರ ಹತ್ತಿರ ಇರುತ್ತೇವೆ, ಗಾಜಿನ ಕೆಳಗಿನ ಕತೆ ಕೇಳಬೇಡಿ. ಸೂಚನೆಗಳು ಸಾಮಾನ್ಯವಾಗಿ ಹೀಗೆ ಬರುತ್ತವೆ: ಮೊದಲು ಚಾರ್ಜ್ ಆಗುವುದು ನಿಲ್ಲುತ್ತದೆ, ಆಮೇಲೆ ಪರದೆ ಮಂಕಾಗುತ್ತದೆ, ಆಮೇಲೆ ಬಂದ್. ಮಂಕಾದ ಕೂಡಲೇ ಚಾರ್ಜರ್ ಕೀಳಿ, ಕವರ್ ತೆಗೆಯಿರಿ, ನೆರಳಿಗೆ ಸರಿಸಿ, ಗಾಳಿ ಬರುವ ತೂತಿನ ಎದುರು ಹಿಡಿಯಿರಿ.

ತಡೆಯುವುದು ಇನ್ನೂ ಸುಲಭ. ಎಂಜಿನ್ ಶುರುವಾಗುವ ತನಕ ಟ್ಯಾಬ್ ಬ್ಯಾಗಿನಲ್ಲಿ, ಬ್ಯಾಗ್ ರೆಕ್ಕೆಯ ನೆರಳಲ್ಲಿ. ಮನೆಯಿಂದಲೇ ನೂರಕ್ಕೆ ನೂರು ಚಾರ್ಜ್ ಮಾಡಿ ತನ್ನಿ. ಅರ್ಧ ಗಂಟೆಯ ಸುತ್ತಿಗೆ ಗಾಳಿಯಲ್ಲಿ ಚಾರ್ಜ್ ಮಾಡುವ ಅಗತ್ಯವೇ ಇಲ್ಲ. ಮಾಡಲೇಬೇಕಾದರೆ ಅಗ್ಗದ ಚಾರ್ಜರ್ ಬೇಡ. ಲೈಟರ್ ಸಾಕೆಟ್‌ಗೆ ಚುಚ್ಚುವ ಕೆಲವು ಅಡಾಪ್ಟರ್‌ಗಳು ವಿಎಚ್‌ಎಫ್ ರೇಡಿಯೋದಲ್ಲಿ ಗೊರ್ರೋ ಅಂತ ಸದ್ದು ಎಬ್ಬಿಸುತ್ತವೆ. ನೆಲದಲ್ಲೇ ರೇಡಿಯೋದ ಸ್ಕ್ವೆಲ್ಚ್ (ಹಿನ್ನೆಲೆ ಸದ್ದು ತಡೆಯುವ ವ್ಯವಸ್ಥೆ) ತೆರೆದು, ಚಾರ್ಜರ್ ಚುಚ್ಚಿ, ಕಿತ್ತು, ವ್ಯತ್ಯಾಸ ಕೇಳಿ.

ಪವರ್ ಬ್ಯಾಂಕ್ ಕೈಗೆ ಸಿಗುವ ಜಾಗದಲ್ಲಿರಲಿ, ಹಿಂದಿನ ಸಾಮಾನಿನ ಜಾಗದಲ್ಲಿ ಬೇಡವೇ ಬೇಡ. ಊದಿಕೊಂಡದ್ದು, ಬಿದ್ದು ಜಜ್ಜಿದ್ದು ವಿಮಾನ ಹತ್ತಲೇಬಾರದು. ಹೊಗೆ ಬಂದರೆ ಅದರ ಮೇಲೆ ನೀರು ಸುರಿದು ತಣ್ಣಗೆ ಮಾಡಿ, ಗಾಳಿಯ ಕಿಂಡಿ ತೆರೆಯಿರಿ, ಎಟಿಸಿಗೆ ಹೇಳಿ, ಇಳಿಯಿರಿ. ಕುಡಿಯುವ ನೀರಿನ ಬಾಟಲಿಗೆ ಇದೂ ಒಂದು ಕೆಲಸ.

## ಹಂತ 8: ಹೊರಡುವ ಮುಂಚೆ, ನಿಂತಲ್ಲೇ

ನೆಟ್‌ವರ್ಕ್ ಇರುವಾಗಲೇ ಆ್ಯಪ್ ತೆರೆದು ಜಿಪಿಎಸ್ ಜಾಗ ಹಿಡಿಯಲು ಬಿಡಿ. ಆಮೇಲೆ ಫ್ಲೈಟ್ ಮೋಡ್. ಹೊರಗಿನ ರಿಸೀವರ್ ಇದ್ದರೆ ಬ್ಲೂಟೂತ್ ಮತ್ತೆ ಆನ್ ಆಗಿದೆಯಾ ನೋಡಿ.

ಈಗ ಬಹಳ ಜನಕ್ಕೆ ಗೊತ್ತಿಲ್ಲದ ಒಂದು ಪರೀಕ್ಷೆ. ಆ್ಯಪ್ ತೋರಿಸುವ ಎತ್ತರ ನೋಡಿ. ಎಐಪಿಯಲ್ಲಿರುವ ಮಂಡಕಳ್ಳಿಯ ಎತ್ತರಕ್ಕಿಂತ ಸುಮಾರು 300 ಅಡಿ ಕಡಿಮೆ ತೋರಿಸುತ್ತಿದೆಯಾ? ಹಾಗಿದ್ದರೆ ಜಿಪಿಎಸ್ ಕೆಟ್ಟಿಲ್ಲ. ಜಿಪಿಎಸ್ ಎತ್ತರ ಅಳೆಯುವುದು ಭೂಮಿಯನ್ನು ಒಂದು ನುಣುಪಾದ, ತುಸು ಚಪ್ಪಟೆಯಾದ ಚೆಂಡಿನಾಕಾರ ಅಂದುಕೊಂಡು. ನಿಜವಾದ ಸಮುದ್ರಮಟ್ಟ ದಕ್ಷಿಣ ಭಾರತದಲ್ಲಿ ಆ ಆಕಾರಕ್ಕಿಂತ ಸುಮಾರು 90 ಮೀಟರ್ ತಗ್ಗಿನಲ್ಲಿದೆ, ಏಕೆಂದರೆ ಶ್ರೀಲಂಕಾದ ದಕ್ಷಿಣಕ್ಕೆ ಹಿಂದೂ ಮಹಾಸಾಗರದಲ್ಲಿ ಜಗತ್ತಿನ ಅತಿ ದೊಡ್ಡ ಗುರುತ್ವದ ತಗ್ಗು ಇದೆ. ಒಳ್ಳೆಯ ಆ್ಯಪ್‌ಗಳು ಇದನ್ನು ತಾವೇ ಸರಿಪಡಿಸುತ್ತವೆ. ನಿಮ್ಮದು ಸರಿಪಡಿಸುತ್ತದಾ ಇಲ್ಲವಾ ಅಂತ ಇಲ್ಲೇ ಗೊತ್ತಾಗುತ್ತದೆ.

ಸರಿಪಡಿಸಿದರೂ ಹಾರುವ ಎತ್ತರಕ್ಕೆ ಟ್ಯಾಬ್ ನೋಡಬೇಡಿ. ಎಟಿಸಿ ಕೊಡುವ ಕ್ಯೂಎನ್‌ಎಚ್ (ಸಮುದ್ರಮಟ್ಟಕ್ಕೆ ಲೆಕ್ಕ ಹಾಕಿದ ಗಾಳಿಯ ಒತ್ತಡ) ಹಾಕಿದ ಆಲ್ಟಿಮೀಟರ್, ಅಂದರೆ ವಿಮಾನದ ಎತ್ತರದ ಮೀಟರು, ಒತ್ತಡದ ಲೆಕ್ಕ ಹೇಳುತ್ತದೆ, ಟ್ಯಾಬ್ ಬೇರೆ ಲೆಕ್ಕ. ಪಕ್ಕದ ವಿಮಾನದವರೂ ಆಲ್ಟಿಮೀಟರ್ ನೋಡಿಯೇ ಹಾರುತ್ತಿರುತ್ತಾರೆ. ನೀವೊಬ್ಬರೇ ಬೇರೆ ಅಳತೆಕೋಲು ಹಿಡಿದರೆ ಇಬ್ಬರಿಗೂ ಅಪಾಯ.

## ಹಂತ 9: ಮೇಲೆ ಹೋದ ಮೇಲೆ

ಏರುವಾಗ ಟ್ಯಾಬ್ ಮುಟ್ಟಬೇಡಿ. ಸುರಕ್ಷಿತ ಎತ್ತರಕ್ಕೆ ಬಂದು, ವಿಮಾನ ನೇರ ಆಗಿ, ಟ್ರಿಮ್ ಆದ ಮೇಲೆ (ಯೋಕ್ ಒತ್ತಿ ಹಿಡಿಯದೆಯೇ ಸಮನಾಗಿ ಹಾರುವಂತಾದ ಮೇಲೆ) ಮೊದಲ ನೋಟ.

ನೋಡುವ ಕ್ರಮ ಹೀಗೆ: ಮೊದಲು ಕಿಟಕಿಯ ಹೊರಗೆ, ಆಮೇಲೆ ಕಾಗದ, ಕೊನೆಗೆ ಟ್ಯಾಬ್. "ಎಡಗಡೆ ಎರಡು ಕವಲಾದ ನದಿ, ನಡುವೆ ದ್ವೀಪ, ಇದು ಶ್ರೀರಂಗಪಟ್ಟಣ" ಅಂತ ಬಾಯಿಬಿಟ್ಟು ಹೇಳಿ, ಆಮೇಲೆ ಟ್ಯಾಬ್ ನೋಡಿ ಸರಿಯಾ ಅಂತ. ಮೊದಲೇ ಟ್ಯಾಬ್ ನೋಡಿದರೆ ಅದು ಹೇಳಿದ್ದನ್ನೇ ಕಣ್ಣು ಹೊರಗೆ ಹುಡುಕುತ್ತದೆ, ಯಾವ ನೀರು ಕಂಡರೂ ಕಾವೇರಿ ಅನ್ನಿಸುತ್ತದೆ. ಮಂಡ್ಯದ ಕಡೆಗೆ ರೈಲು ಹಳಿ, ಬೆಂಗಳೂರು ಹೆದ್ದಾರಿ ಎರಡೂ ಜೊತೆಗಿರುತ್ತವೆ, ಕಾಲುವೆ ನೀರಿನ ಹಸಿರು ಗದ್ದೆ ಬೇರೆ. ಇಷ್ಟು ಹೆಗ್ಗುರುತು ಇರುವ ದಾರಿಯಲ್ಲಿ ಟ್ಯಾಬ್‌ಗೆ ಐದು ಸೆಕೆಂಡಿಗಿಂತ ಜಾಸ್ತಿ ಕೊಡುವ ಅಗತ್ಯ ಇಲ್ಲ.

ಗೆರೆಯ ಹಿಂದೆ ಓಡಬೇಡಿ. ಟ್ಯಾಬ್ ತೋರಿಸುವುದು ನೆಲದ ಮೇಲೆ ನೀವು ಸಾಗುತ್ತಿರುವ ದಿಕ್ಕು, ಮೂತಿ ಇರುವ ದಿಕ್ಕಲ್ಲ. ಗಾಳಿ ಎಡದಿಂದ ತಳ್ಳಿದರೆ ಹೊಸಬರು ಗೆರೆಯ ಕಡೆ ತಿರುಗುತ್ತಾರೆ, ದಾಟುತ್ತಾರೆ, ಮತ್ತೆ ತಿರುಗುತ್ತಾರೆ. ಕೊನೆಗೆ ಸಾಗಿದ ದಾರಿ ತೆಗೆದು ನೋಡಿದರೆ ಹಾವು ಹರಿದ ಹಾಗಿರುತ್ತದೆ. ಒಂದು ಹೆಡಿಂಗ್ (ಮೂತಿಯ ದಿಕ್ಕು) ಹಿಡಿದು ಎರಡು ನಿಮಿಷ ಕಾಯಿರಿ. ಎಷ್ಟು ಸರಿದಿರಿ ನೋಡಿ, ಒಂದೇ ಸಲ ಲೆಕ್ಕ ಹಾಕಿ ತಿದ್ದಿ. 60 ಮೈಲಿಗೆ ಒಂದು ಮೈಲಿ ಸರಿದರೆ ಒಂದು ಡಿಗ್ರಿ. ಹಾಗಾದರೆ 6 ಮೈಲಿಗೆ ಅರ್ಧ ಮೈಲಿ ಸರಿದಿದ್ದರೆ ಐದು ಡಿಗ್ರಿ. ಬಾಯಿಲೆಕ್ಕ ಸಾಕು.

ಬಿಸಿಲೇರಿದ ಮೇಲೆ ವಿಮಾನ ಕುಲುಕುತ್ತದೆ, ಬೆರಳು ಬೇರೆ ಗುಂಡಿಯ ಮೇಲೆ ಬೀಳುತ್ತದೆ. ಅಂಗೈಯನ್ನು ಟ್ಯಾಬ್‌ನ ಅಂಚಿಗೆ ಊರಿ, ಹೆಬ್ಬೆರಳಿನಲ್ಲಿ ಒತ್ತಿ. ಎರಡು ಸಲ ತಪ್ಪಿದರೆ ಬಿಟ್ಟುಬಿಡಿ.

ಇನ್ನೊಂದು: ಟ್ಯಾಬ್‌ನ ಕ್ಯಾಮೆರಾ ಮರೆತುಬಿಡಿ. ಅನುಮತಿ ಇಲ್ಲದೆ ವಿಮಾನದಿಂದ ಫೋಟೋ ತೆಗೆಯುವಂತಿಲ್ಲ.

## ಹಂತ 10: ಟ್ಯಾಬ್ ಸುಳ್ಳು ಹೇಳುವಾಗ ಗೊತ್ತಾಗುವುದು ಹೇಗೆ

ಕಪ್ಪಾದ ಟ್ಯಾಬ್ ಅಪಾಯ ಅಲ್ಲ, ಅದು ಸತ್ತದ್ದು ಕಣ್ಣಿಗೆ ಕಾಣುತ್ತದೆ. ಬದುಕಿದ್ದು ತಪ್ಪು ಹೇಳುವುದೇ ಅಪಾಯ. ಈ ಲಕ್ಷಣ ಕಂಡರೆ ಅನುಮಾನ ಪಡಿ:

- ವಿಮಾನದ ಗುರುತು ನಿಂತಿದೆ, ವೇಗದ ಅಂಕಿ ಬದಲಾಗುತ್ತಿಲ್ಲ.
- ಗುರುತಿನ ಸುತ್ತ ಒಂದು ವೃತ್ತ ಹಿಗ್ಗುತ್ತಿದೆ.
- ವೇಗ ಇದ್ದಕ್ಕಿದ್ದಂತೆ 95ರಿಂದ 160ಕ್ಕೆ ಹೋಯಿತು, ಗಾಳಿಯ ಸದ್ದು ಮಾತ್ರ ಹಾಗೇ ಇದೆ.
- ಗುರುತು ಒಂದು ಕಡೆಯಿಂದ ಇನ್ನೊಂದು ಕಡೆಗೆ ನೆಗೆಯಿತು.
- ಟ್ಯಾಬ್‌ನ ಜಿಪಿಎಸ್ ಗಂಟೆ ನಿಮ್ಮ ಕೈಗಡಿಯಾರಕ್ಕೆ ಹೊಂದುತ್ತಿಲ್ಲ.

ಕೊನೆಯ ಎರಡು, ಯಾರೋ ಸುಳ್ಳು ಜಿಪಿಎಸ್ ಸಂಕೇತ ಹರಡುತ್ತಿದ್ದರೆ ಕಾಣುವ ಲಕ್ಷಣಗಳು. ಇದು ಯುದ್ಧದ ಕಡೆಯ ಮಾತು ಅಂತ ತಳ್ಳಿಹಾಕಬೇಡಿ. 2023ರ ನವೆಂಬರ್‌ನಲ್ಲಿ ಡಿಜಿಸಿಎ ಈ ಅಡಚಣೆಯ ಬಗ್ಗೆಯೇ ಸುತ್ತೋಲೆ ಹೊರಡಿಸಿತು.

ಅನುಮಾನ ಬಂದ ಕೂಡಲೇ ಮಾಡಬೇಕಾದ್ದು: ರೆಕ್ಕೆ ಸಮ ಮಾಡಿ. ಡಿಜಿಯನ್ನು (ದಿಕ್ಕು ತೋರಿಸುವ ಗೈರೋ ಮೀಟರನ್ನು) ದಿಕ್ಸೂಚಿಗೆ ಹೊಂದಿಸಿ. ಗಡಿಯಾರ ನೋಡಿ, ಹಿಂದಿನ ವೇಪಾಯಿಂಟ್ ಬಿಟ್ಟು ಎಷ್ಟು ನಿಮಿಷ ಆಯಿತು, ಆ ಲೆಕ್ಕದಲ್ಲಿ ಎಲ್ಲಿರಬೇಕು ಅಂತ ಕಾಗದದ ಗೆರೆಯ ಮೇಲೆ ಬೆರಳಿಡಿ. ಅಲ್ಲಿ ಕಾಣಬೇಕಾದ್ದು ಹೊರಗೆ ಕಾಣುತ್ತಿದೆಯಾ? ಇಲ್ಲದಿದ್ದರೆ ನಾಚಿಕೆ ಬಿಟ್ಟು ಎಟಿಸಿಗೆ ಹೇಳಿ. ಟ್ಯಾಬ್ ರಿಪೇರಿಗೆ ಕೂರಬೇಡಿ. ಆಫ್ ಮಾಡಿ ಪಕ್ಕಕ್ಕಿಡಿ.

## ಹಂತ 11: ಇಳಿದ ಮೇಲೆ

ಟ್ಯಾಬನ್ನು ನಿಂತ ವಿಮಾನದೊಳಗೆ ಬಿಟ್ಟು ಊಟಕ್ಕೆ ಹೋಗಬೇಡಿ. ಬ್ಯಾಟರಿ ಊದುವುದು ಹಾಗೇ. ಪರದೆಯ ಅಂಚು ಸ್ವಲ್ಪ ಎದ್ದಂತೆ ಕಂಡರೆ ಅದು ಅಂಟು ಬಿಟ್ಟದ್ದಲ್ಲ, ಒಳಗೆ ಬ್ಯಾಟರಿ ಉಬ್ಬಿದೆ.

ಮನೆಗೆ ಬಂದು ಸಾಗಿದ ದಾರಿಯನ್ನು ತೆರೆಯಿರಿ. ವೇಪಾಯಿಂಟ್ ದಾಟಿದ ಸಮಯವನ್ನು ಕಾಗದದಲ್ಲಿ ಬರೆದ ಸಮಯಕ್ಕೆ ಹೋಲಿಸಿ. ಎಲ್ಲಿ ಹಾವು ಹರಿದಿದೆ, ಅಲ್ಲಿ ನೀವು ಏನು ಮಾಡುತ್ತಿದ್ದಿರಿ ನೆನಪಿಸಿಕೊಳ್ಳಿ. ಬಹಳ ಸಲ ಅಲ್ಲಿ ಟ್ಯಾಬ್ ಒತ್ತುತ್ತಿದ್ದಿರಿ.

ಆಮೇಲೆ ಇದೇ ಸುತ್ತನ್ನು ಇನ್ನೊಮ್ಮೆ ಹಾರಿ. ಈ ಸಲ ಟ್ಯಾಬ್ ದಾರಿ ಬರೆದುಕೊಳ್ಳುವಂತೆ ಆನ್ ಮಾಡಿ, ಸೀಟಿನ ಹಿಂದಿನ ಜೇಬಿಗೆ ಹಾಕಿಬಿಡಿ. ಕಾಗದ, ಗಡಿಯಾರ, ಕಿಟಕಿ ಅಷ್ಟೇ. ಇಳಿದು ಬಂದು ನೋಡಿದಾಗ ಆ ಗೆರೆ ನಿಮ್ಮ ಪೆನ್ಸಿಲ್ ಗೆರೆಗೆ ಒಂದು ಮೈಲಿಯ ಒಳಗೆ ಇದ್ದರೆ ಮುಂದಿನ ಸಲ ಟ್ಯಾಬ್ ತೊಡೆಗೆ ಕಟ್ಟಿಕೊಳ್ಳಿ. ಇಲ್ಲದಿದ್ದರೆ ಮತ್ತೊಂದು ಸುತ್ತು, ಟ್ಯಾಬ್ ಜೇಬಿನಲ್ಲೇ ಇರಲಿ.